ಗಡಿಯಾರಕ್ಕೂ ಸಾಕ್ಷಿ ಬೇಕು: ಅಂತರಜಾಲದ ಸಮಯ ಸರ್ವರ್‌ಗಳನ್ನು ಪ್ರಶ್ನಿಸಿದ ಚರಿತ್ರೆ

"ಗಂಟೆ ಎಷ್ಟು?" ಎಂದು ದಿನಕ್ಕೆ ಹಲವು ಬಾರಿ ಕೇಳುತ್ತೇವೆ. ಉತ್ತರ ಬಂದ ಮೇಲೆ "ನಿಮ್ಮ ಗಡಿಯಾರ ಸರಿಯಾಗಿದೆಯೇ?" ಎಂದು ಕೇಳುವುದು ಅಪರೂಪ. ಶಾಲೆಯ ಗಂಟೆ ಎರಡು ನಿಮಿಷ ತಡವಾಗಿ ಬಾರಿಸಿದರೆ ಪಾಠ ಎರಡು ನಿಮಿಷ ತಡವಾಗಿ ಶುರುವಾಗುತ್ತದೆ, ಅಷ್ಟೆ. ಆದರೆ ಒಂದೇ ಬ್ಯಾಂಕಿನ ಎರಡು ಗಣಕಗಳ ನಡುವೆ ಎರಡು ನಿಮಿಷದ ವ್ಯತ್ಯಾಸವಿದ್ದರೆ, ಖಾತೆಗೆ ಹಣ ಕಟ್ಟಿದ್ದು ಮೊದಲೋ ತೆಗೆದದ್ದು ಮೊದಲೋ ಎಂಬ ಕ್ರಮವೇ ತಲೆಕೆಳಗಾಗಬಹುದು. ಅಪರಾಧವೊಂದರ ತನಿಖೆಯಲ್ಲಿ ಗಣಕದ ದಾಖಲೆಗಳೇ ಸಾಕ್ಷಿಯಾದಾಗ, ಆ ದಾಖಲೆಗಳ ಮೇಲಿನ ವೇಳೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಏಳುತ್ತದೆ.

ಅಂತರಜಾಲದಲ್ಲಿ ಗಣಕಗಳಿಗೆ ಸಮಯ ಹೇಳಿಕೊಡುವ ಸರ್ವರ್‌ಗಳಿವೆ. ಅವು ಸರಿಯಾಗಿ ಹೇಳುತ್ತಿವೆಯೇ ಎಂದು ವಿಚಾರಿಸುವ ಪುಟ್ಟ ತಂತ್ರಾಂಶಗಳೂ ಇವೆ. ಈ ವಿಚಾರಣೆಯ ಸಾಧನಗಳು ಹೇಗೆ ಹುಟ್ಟಿದವು, ಏನನ್ನು ತೋರಿಸಿಕೊಟ್ಟವು, ಒಂದು ಹಂತದಲ್ಲಿ ತಾವೇ ಹೇಗೆ ಅಪಾಯಕ್ಕೆ ಕಾರಣವಾದವು ಎಂಬುದು ಸುಮಾರು 40 ವರ್ಷಗಳ ಸ್ವಾರಸ್ಯಕರ ಚರಿತ್ರೆ.

ಗಣಕದ ಗಡಿಯಾರ ಏಕೆ ತಪ್ಪುತ್ತದೆ?

ಗಣಕದೊಳಗಿನ ಗಡಿಯಾರ ಕ್ವಾರ್ಟ್ಸ್ ಸ್ಫಟಿಕದ ಕಂಪನಗಳನ್ನು ಎಣಿಸುತ್ತದೆ. ಸ್ಫಟಿಕ ಅಗ್ಗ, ಆದರೆ ಪೂರ್ತಿ ನಿಷ್ಠಾವಂತನಲ್ಲ. ಬಿಸಿಲೇರಿದಂತೆ, ಗಣಕ ಕಾದಂತೆ ಅದರ ಕಂಪನದ ಗತಿ ತುಸು ಬದಲಾಗುತ್ತದೆ. ಹತ್ತು ಲಕ್ಷ ಕಂಪನಗಳಲ್ಲಿ 50ರಷ್ಟು ವ್ಯತ್ಯಾಸವಾಯಿತು ಎಂದಿಟ್ಟುಕೊಳ್ಳಿ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ ಆ ಗಡಿಯಾರ ದಿನವೊಂದಕ್ಕೆ 4.32 ಸೆಕೆಂಡು ತಪ್ಪುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ತಪ್ಪು ಎರಡು ನಿಮಿಷ ದಾಟಿರುತ್ತದೆ.

ಆದ್ದರಿಂದ ಗಣಕ ಆಗಾಗ್ಗೆ ತನಗಿಂತ ಉತ್ತಮವಾದ ಗಡಿಯಾರವನ್ನು ನೋಡಿ ತಿದ್ದಿಕೊಳ್ಳಬೇಕು. ಉತ್ತಮ ಗಡಿಯಾರಗಳೇನೋ ಇವೆ: ಪರಮಾಣು ಗಡಿಯಾರಗಳು, ಅವುಗಳನ್ನು ಹೊತ್ತ ಉಪಗ್ರಹಗಳು, ಅವುಗಳ ಸಮಯವನ್ನು ಪ್ರಸಾರ ಮಾಡುವ ರೇಡಿಯೋ ಕೇಂದ್ರಗಳು. ಕಷ್ಟವಿರುವುದು ಆ ಸಮಯವನ್ನು ಜಾಲದ ಮೂಲಕ ಸಾಗಿಸುವುದರಲ್ಲಿ. "ಈಗ ಹತ್ತು ಗಂಟೆ" ಎಂಬ ಸಂದೇಶ ನಮ್ಮನ್ನು ತಲುಪುವ ಹೊತ್ತಿಗೆ ಹತ್ತು ಗಂಟೆ ಕಳೆದುಹೋಗಿರುತ್ತದೆ. ಎಷ್ಟು ಕಳೆದಿದೆ ಎಂಬುದು ಜಾಲದ ದಟ್ಟಣೆಯನ್ನು ಅವಲಂಬಿಸಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ.

ಮಿಲ್ಸ್ ಮತ್ತು ಅವರ 'ಫಜ್‌ಬಾಲ್'ಗಳು

ಈ ಕಷ್ಟವನ್ನು ಬಗೆಹರಿಸಿದವರು ಅಮೆರಿಕದ ಡೇವಿಡ್ ಮಿಲ್ಸ್. 1938ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಹುಟ್ಟಿದ ಇವರಿಗೆ ಜನ್ಮತಃ ಗ್ಲಾಕೋಮಾ ಎಂಬ ಕಣ್ಣಿನ ತೊಂದರೆಯಿತ್ತು. ಬಾಲ್ಯದ ಶಸ್ತ್ರಚಿಕಿತ್ಸೆಯಿಂದ ಒಂದು ಕಣ್ಣಿನಲ್ಲಿ ಉಳಿದ ಅಲ್ಪ ದೃಷ್ಟಿಯಲ್ಲೇ ಅವರು ಮಿಷಿಗನ್ ವಿಶ್ವವಿದ್ಯಾಲಯದಿಂದ 1971ರಲ್ಲಿ ಡಾಕ್ಟರೇಟ್ ಪಡೆದರು. 1970ರ ದಶಕದ ಕೊನೆಗೆ ಕಾಮ್‌ಸ್ಯಾಟ್ ಎಂಬ ಉಪಗ್ರಹ ಸಂಪರ್ಕ ಸಂಸ್ಥೆಯಲ್ಲಿದ್ದಾಗ ಅವರು ಜಾಲದ ಸಂಶೋಧನೆಯಲ್ಲಿ ತೊಡಗಿದ್ದರು. ಪಿಡಿಪಿ-11 ವರ್ಗದ ಚಿಕ್ಕ ಗಣಕಗಳ ಮೇಲೆ ಓಡುವ ಜಾಲ ತಂತ್ರಾಂಶವೊಂದನ್ನು ಬರೆದರು. ಆ ಗಣಕಗಳಿಗೆ 'ಫಜ್‌ಬಾಲ್' ಎಂಬ ಹೆಸರು ಅಂಟಿಕೊಂಡಿತು.

ಒಂದು ಪ್ಯಾಕೆಟ್ ಒಂದೂರಿನಿಂದ ಇನ್ನೊಂದೂರಿಗೆ ಹೋಗಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯಬೇಕಾದರೆ ಎರಡೂ ಊರಿನ ಗಡಿಯಾರಗಳು ಒಂದಕ್ಕೊಂದು ಹೊಂದಿಕೊಂಡಿರಬೇಕು. ಅಂದರೆ ಜಾಲವನ್ನು ಅಳೆಯುವುದಕ್ಕೇ ಮೊದಲು ಗಡಿಯಾರಗಳನ್ನು ಸರಿಪಡಿಸಿಕೊಳ್ಳಬೇಕಿತ್ತು. 1981ರಲ್ಲಿ ಮಿಲ್ಸ್ ತಮ್ಮ ಜಾಲದ ಸಮಯಸೇವೆಯನ್ನು ವಿವರಿಸುವ ದಾಖಲೆಯೊಂದನ್ನು ಪ್ರಕಟಿಸಿದರು. ಅಂತರಜಾಲದ ನಿಯಮಗಳು ಪ್ರಕಟವಾಗುವ 'ಆರ್‌ಎಫ್‌ಸಿ' ಎಂಬ ಸರಣಿಯಲ್ಲಿ ಅದರ ಸಂಖ್ಯೆ 778. 1985ರ ಸೆಪ್ಟೆಂಬರ್‌ನಲ್ಲಿ ಅದೇ ಸರಣಿಯಲ್ಲಿ ಅವರ ಮೂರು ದಾಖಲೆಗಳು ಒಟ್ಟಿಗೆ ಬಂದವು: 956, 957 ಮತ್ತು 958. ಮೂರನೆಯದರಲ್ಲಿ ಜಾಲ ಸಮಯ ಪ್ರೋಟೊಕಾಲ್, ಅಂದರೆ ಎನ್‌ಟಿಪಿ, ಮೊದಲ ಬಾರಿಗೆ ಆ ಹೆಸರಿನಲ್ಲಿ ಕಾಣಿಸಿಕೊಂಡಿತು.

ನಮ್ಮ ವಿಷಯಕ್ಕೆ ಮೊದಲ ಎರಡು ದಾಖಲೆಗಳೇ ಹೆಚ್ಚು ಮುಖ್ಯ. ಅವು ಪ್ರಯೋಗದ ವರದಿಗಳು. ಅಂದಿನ ಅಂತರಜಾಲದಲ್ಲಿದ್ದ ಗಣಕಗಳಿಗೆ ಒಂದೊಂದಾಗಿ "ನಿನ್ನಲ್ಲಿ ಸಮಯ ಎಷ್ಟು?" ಎಂದು ಕೇಳಿ, ಬಂದ ಉತ್ತರಗಳನ್ನು ಮಿಲ್ಸ್ ಪಟ್ಟಿ ಮಾಡಿದ್ದರು. ಗಡಿಯಾರಗಳು ಸೆಕೆಂಡುಗಳಿಂದ ಹಿಡಿದು ನಿಮಿಷಗಳವರೆಗೆ ಚೆಲ್ಲಾಪಿಲ್ಲಿಯಾಗಿದ್ದವು.

ಇನ್ನೊಂದು ಪಾಠವೂ ಅಲ್ಲಿತ್ತು. ಕೆಲವು ಗಣಕಗಳು ಸ್ಫಟಿಕದ ಬದಲು ವಿದ್ಯುತ್ ಸರಬರಾಜಿನ ಆವರ್ತನವನ್ನೇ ಎಣಿಸುತ್ತಿದ್ದವು. ಅಮೆರಿಕದಲ್ಲಿ ಅದು ಸೆಕೆಂಡಿಗೆ 60 ಆವರ್ತ. ವಿದ್ಯುತ್ತಿನ ಬೇಡಿಕೆ ಏರಿದಾಗ ಆವರ್ತನ ತುಸು ಇಳಿಯುತ್ತದೆ, ಗಡಿಯಾರ ನಿಧಾನವಾಗುತ್ತದೆ. ಒಂದೇ ವಿದ್ಯುತ್ ಜಾಲಕ್ಕೆ ಸೇರಿದ ಗಣಕಗಳೆಲ್ಲ ಒಟ್ಟಿಗೇ ನಿಧಾನವಾಗುತ್ತವೆ. ಅವು ಪರಸ್ಪರ ಹೋಲಿಸಿಕೊಂಡರೆ ಎಲ್ಲವೂ ಒಪ್ಪುತ್ತವೆ, ಆದರೆ ಎಲ್ಲವೂ ತಪ್ಪಾಗಿರುತ್ತವೆ! ಬಹುಮತವಿದ್ದ ಮಾತ್ರಕ್ಕೆ ಸತ್ಯ ಸಿಕ್ಕಿತು ಎನ್ನಲಾಗದು, ಸಾಕ್ಷಿಗಳು ಒಂದನ್ನೊಂದು ಅವಲಂಬಿಸದೆ ಇರಬೇಕು. ಈ ಮಾತು ಮುಂದೆಯೂ ನೆನಪಿಗೆ ಬರುತ್ತದೆ.

ನಾಲ್ಕು ಮುದ್ರೆಗಳ ಲೆಕ್ಕ

ಎನ್‌ಟಿಪಿಯ ಲೆಕ್ಕ ಪ್ರೌಢಶಾಲೆಯ ಬೀಜಗಣಿತಕ್ಕೆ ನಿಲುಕುವಂಥದ್ದು. ಗಣಕ ಪ್ರಶ್ನೆ ಕಳಿಸಿದ ವೇಳೆ ಟಿ1. ಸರ್ವರ್‌ಗೆ ಅದು ತಲುಪಿದ ವೇಳೆ ಟಿ2. ಸರ್ವರ್ ಉತ್ತರ ಕಳಿಸಿದ ವೇಳೆ ಟಿ3. ಉತ್ತರ ಗಣಕಕ್ಕೆ ಮುಟ್ಟಿದ ವೇಳೆ ಟಿ4. ಟಿ1 ಮತ್ತು ಟಿ4 ಗಣಕದ ಗಡಿಯಾರದವು, ಟಿ2 ಮತ್ತು ಟಿ3 ಸರ್ವರ್‌ನ ಗಡಿಯಾರದವು.

ಒಂದು ಉದಾಹರಣೆ ನೋಡೋಣ. ಮಿಲಿಸೆಕೆಂಡುಗಳಲ್ಲಿ ಟಿ1 = 0, ಟಿ2 = 150, ಟಿ3 = 160, ಟಿ4 = 110 ಎಂದಿರಲಿ. ಹೋಗಿಬರುವ ಒಟ್ಟು ವಿಳಂಬ = (ಟಿ4 − ಟಿ1) − (ಟಿ3 − ಟಿ2) = 110 − 10 = 100. ಎರಡು ಗಡಿಯಾರಗಳ ವ್ಯತ್ಯಾಸ = [(ಟಿ2 − ಟಿ1) + (ಟಿ3 − ಟಿ4)] ÷ 2 = (150 + 50) ÷ 2 = 100. ಅಂದರೆ ನಮ್ಮ ಗಣಕದ ಗಡಿಯಾರ 100 ಮಿಲಿಸೆಕೆಂಡು ಹಿಂದಿದೆ.

ಇಲ್ಲಿ ಒಂದು ಊಹೆ ಅಡಗಿದೆ. ಹೋಗುವ ದಾರಿಗೂ ಬರುವ ದಾರಿಗೂ ಸಮಾನ ಹೊತ್ತು ಹಿಡಿಯಿತು ಎಂಬುದೇ ಆ ಊಹೆ. 100 ಮಿಲಿಸೆಕೆಂಡಿನ ವಿಳಂಬವೆಲ್ಲ ಹೋಗುವಾಗಲೇ ಆಗಿದ್ದರೆ ನಿಜವಾದ ವ್ಯತ್ಯಾಸ 50, ಎಲ್ಲ ಬರುವಾಗ ಆಗಿದ್ದರೆ 150. ಆದ್ದರಿಂದ ಉತ್ತರವನ್ನು "100, ಹೆಚ್ಚುಕಡಿಮೆ 50" ಎಂದೇ ಓದಬೇಕು. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಪ್ರತಿ ಅಳತೆಯ ಪಕ್ಕದಲ್ಲೂ ದೋಷದ ಮಿತಿಯನ್ನು ಬರೆಯುವ ಹಾಗೆ ಎನ್‌ಟಿಪಿ ಸಮಯದ ಪಕ್ಕದಲ್ಲಿ ಅನುಮಾನದ ಅಳತೆಯನ್ನೂ ಇಡುತ್ತದೆ. ಮಿಲ್ಸ್ ಅವರ ಕೊಡುಗೆಯಲ್ಲಿ ಇದು ದೊಡ್ಡದು.

ಸರ್ವರ್‌ಗಳಿಗೆ 'ಸ್ತರ'ಗಳನ್ನು ನಿಗದಿ ಮಾಡಲಾಗಿದೆ. ಪರಮಾಣು ಗಡಿಯಾರ ಅಥವಾ ಉಪಗ್ರಹ ಗ್ರಾಹಕದಂಥ ಮೂಲ ಗಡಿಯಾರದ್ದು ಸೊನ್ನೆಯ ಸ್ತರ. ಅದಕ್ಕೆ ನೇರವಾಗಿ ಜೋಡಿಸಿದ ಸರ್ವರ್ 1ನೆಯ ಸ್ತರದ್ದು. ಅದನ್ನು ಕೇಳಿ ತಿದ್ದಿಕೊಳ್ಳುವುದು 2ನೆಯ ಸ್ತರದ್ದು. ಹೀಗೆ 15ರವರೆಗೆ. 16 ಎಂದರೆ "ನನ್ನ ಸಮಯ ಹೊಂದಾಣಿಕೆಯಾಗಿಲ್ಲ" ಎಂದರ್ಥ. ಆದರೆ ಸ್ತರ ಎಷ್ಟೆಂದು ಹೇಳಿಕೊಳ್ಳುವುದು ಆಯಾ ಸರ್ವರೇ ಎಂಬುದನ್ನು ಗಮನಿಸಿ.

ಒಳಗನ್ನು ತೋರಿಸುವ ಕಿಟಕಿ

ಎನ್‌ಟಿಪಿಯ ಮೊದಲ ಆವೃತ್ತಿ 1988ರಲ್ಲೂ ಎರಡನೆಯದು 1989ರಲ್ಲೂ ಬಂದವು. ಸಮಯ ಕೇಳುವ ಪ್ಯಾಕೆಟ್‌ಗಳ ಜೊತೆಗೆ 'ನಿಯಂತ್ರಣ ಸಂದೇಶ' ಎಂಬ ಹೊಸ ಬಗೆಯನ್ನು ಎರಡನೆಯ ಆವೃತ್ತಿ ಸೇರಿಸಿತು. ಸರ್ವರ್‌ಗೆ "ಸಮಯ ಎಷ್ಟು?" ಎಂದು ಕೇಳುವುದರ ಜೊತೆಗೆ "ನೀನು ಯಾರನ್ನು ಕೇಳಿ ತಿದ್ದಿಕೊಂಡೆ? ಎಷ್ಟು ಹೊತ್ತಿನ ಹಿಂದೆ? ನಿನ್ನ ಅಂದಾಜಿನಲ್ಲಿ ದೋಷ ಎಷ್ಟು?" ಎಂದೂ ಕೇಳಲು ಇದರಿಂದ ದಾರಿಯಾಯಿತು. ಎಲ್ಲ ಮಾತುಕತೆಯೂ 123 ಎಂಬ ಒಂದೇ ಪೋರ್ಟಿನ ಮೂಲಕ.

ಯುನಿಕ್ಸ್ ಗಣಕಗಳಿಗಾಗಿ ಎನ್‌ಟಿಪಿಯ ಮೊದಲ ಆವೃತ್ತಿಯನ್ನು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲೂಯಿ ಮಮಾಕೋಸ್ ಮತ್ತು ಮೈಕಲ್ ಪೆಟ್ರಿ ಬರೆದರು. ಎರಡನೆಯ ಆವೃತ್ತಿಗೆ ಟೊರಾಂಟೊ ವಿಶ್ವವಿದ್ಯಾಲಯದ ಡೆನಿಸ್ ಫರ್ಗುಸನ್ 'ಎಕ್ಸ್‌ಎನ್‌ಟಿಪಿಡಿ' ಎಂಬ ತಂತ್ರಾಂಶ ಸಿದ್ಧಪಡಿಸಿದರು. ಈ ಪರಂಪರೆಯಲ್ಲಿ ಎರಡು ವಿಚಾರಣಾ ಸಾಧನಗಳು ಬೆಳೆದವು. ಒಂದು 'ಎನ್‌ಟಿಪಿಕ್ಯೂ'. ಇದು ದಾಖಲೆಯಲ್ಲಿ ಹೇಳಿದ ನಿಯಂತ್ರಣ ಸಂದೇಶಗಳನ್ನು ಬಳಸುತ್ತದೆ. ಇನ್ನೊಂದು 'ಎನ್‌ಟಿಪಿಡಿಸಿ'. ಇದು ಆ ತಂತ್ರಾಂಶಕ್ಕೆ ಮಾತ್ರ ತಿಳಿಯುವ ಖಾಸಗಿ ಸಂದೇಶಗಳನ್ನು ಬಳಸುತ್ತಿತ್ತು.

ಎನ್‌ಟಿಪಿಕ್ಯೂಗೆ 'ಪಿಯರ್ಸ್' ಎಂಬ ಆಜ್ಞೆ ಕೊಟ್ಟರೆ ತೆರೆಯ ಮೇಲೆ ಒಂದು ಕೋಷ್ಟಕ ಮೂಡುತ್ತದೆ. ಪ್ರತಿ ಸಾಲೂ ಒಂದೊಂದು ಸಮಯಮೂಲ. ಅದರ ಹೆಸರು, ಅದು ಯಾರನ್ನು ಅನುಸರಿಸುತ್ತಿದೆ, ಅದರ ಸ್ತರ, ಕೊನೆಯ ಸಂಪರ್ಕವಾಗಿ ಎಷ್ಟು ಸೆಕೆಂಡಾಯಿತು, ಎಷ್ಟು ಸೆಕೆಂಡಿಗೊಮ್ಮೆ ಕೇಳಲಾಗುತ್ತಿದೆ ಎಂಬ ವಿವರಗಳು ಸಿಗುತ್ತವೆ. ಸಾಲಿನ ಕೊನೆಗೆ ಮಿಲಿಸೆಕೆಂಡುಗಳಲ್ಲಿ ಮೂರು ಅಂಕಿಗಳು: ವಿಳಂಬ, ವ್ಯತ್ಯಾಸ ಮತ್ತು 'ಜಿಟರ್', ಅಂದರೆ ವ್ಯತ್ಯಾಸದ ಏರಿಳಿತ.

ಈ ಕೋಷ್ಟಕದ 'ರೀಚ್' ಎಂಬ ಕಂಬಸಾಲು ಗಣಿತದ ಅಧ್ಯಾಪಕರಿಗೆ ಪ್ರಿಯವಾಗುವಂಥದ್ದು. ಆರೋಗ್ಯವಂತ ಸರ್ವರ್‌ನ ಎದುರು ಅಲ್ಲಿ 377 ಎಂದಿರುತ್ತದೆ. ಇದು ಅಷ್ಟಮಾನ ಪದ್ಧತಿಯ ಸಂಖ್ಯೆ. ದ್ವಿಮಾನಕ್ಕೆ ಬದಲಾಯಿಸಿದರೆ 11 111 111, ಅಂದರೆ ಎಂಟು ಒಂದುಗಳು. ಕಳೆದ ಎಂಟು ಪ್ರಶ್ನೆಗಳಿಗೂ ಉತ್ತರ ಬಂದಿದೆ ಎಂದರ್ಥ. ಪ್ರತಿ ಪ್ರಶ್ನೆಗೂ ಎಲ್ಲ ಅಂಕಿಗಳು ಒಂದು ಸ್ಥಾನ ಎಡಕ್ಕೆ ಸರಿಯುತ್ತವೆ. ಬಲತುದಿಯಲ್ಲಿ ಹೊಸ ಅಂಕಿ ಸೇರುತ್ತದೆ: ಉತ್ತರ ಬಂದರೆ 1, ಬಾರದಿದ್ದರೆ 0. 376 ಎಂದರೆ 11 111 110, ತೀರ ಇತ್ತೀಚಿನ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ. 357 ಎಂದರೆ 11 101 111, ನಡುವೆ ಒಂದು ಉತ್ತರ ತಪ್ಪಿದೆ, ಆಮೇಲಿನ ನಾಲ್ಕೂ ಬಂದಿವೆ. ಸಾಮಾನ್ಯವಾಗಿ 64ರಿಂದ 1024 ಸೆಕೆಂಡುಗಳಿಗೊಮ್ಮೆ ಪ್ರಶ್ನೆ ಹೋಗುವುದರಿಂದ, ಈ ಮೂರಂಕಿಯಲ್ಲಿ ಎಂಟೂವರೆ ನಿಮಿಷದಿಂದ ಎರಡೂಕಾಲು ಗಂಟೆಯವರೆಗಿನ ಇತಿಹಾಸ ಅಡಕವಾಗಿರುತ್ತದೆ.

ಸಾಲಿನ ಎಡತುದಿಯಲ್ಲೊಂದು ಚಿಹ್ನೆಯಿರುತ್ತದೆ. ನಕ್ಷತ್ರವಿದ್ದರೆ ಸದ್ಯಕ್ಕೆ ಆರಿಸಿಕೊಂಡ ಮೂಲ. ಕೂಡುವ ಚಿಹ್ನೆಯಿದ್ದರೆ ಲೆಕ್ಕಕ್ಕೆ ಸೇರಿಸಿಕೊಂಡ ಇತರ ಮೂಲಗಳು. 'ಎಕ್ಸ್' ಇದ್ದರೆ ಅದು ಸುಳ್ಳು ಹೇಳುತ್ತಿರುವ ಗಡಿಯಾರ. ಎರಡು ಗಡಿಯಾರಗಳು ಬೇರೆ ಬೇರೆ ಸಮಯ ತೋರಿಸಿದರೆ ಯಾವುದು ಸುಳ್ಳು ಎಂದು ತಿಳಿಯುವುದಿಲ್ಲ. ಮೂರಿದ್ದರೆ ಎರಡರ ಒಪ್ಪಿಗೆಯಿಂದ ಮೂರನೆಯದನ್ನು ಬದಿಗಿಡಬಹುದು. ನಾಲ್ಕಿದ್ದರೆ ಒಂದು ಕೆಟ್ಟು ನಿಂತರೂ ಈ ಪರೀಕ್ಷೆ ಮುಂದುವರಿಯುತ್ತದೆ. ಇದಕ್ಕೆ ಆಧಾರವಾದ ಗಣಿತವನ್ನು ಕೀತ್ ಮಾರ್ಜುಲ್ಲೊ 1984ರಲ್ಲಿ ರೂಪಿಸಿದ್ದರು.

ಗಡಿಯಾರಗಳ ಜನಗಣತಿ

ಒಂದು ಸರ್ವರನ್ನು ಕೇಳಿದರೆ ಅದು ತನ್ನ ಮೂಲಗಳ ಹೆಸರು ಹೇಳುತ್ತದೆ. 'ಮಾನ್‌ಲಿಸ್ಟ್' ಎಂಬ ಇನ್ನೊಂದು ಆಜ್ಞೆ ಕೊಟ್ಟರೆ ತನ್ನನ್ನು ಇತ್ತೀಚೆಗೆ ಸಂಪರ್ಕಿಸಿದವರ ಪಟ್ಟಿಯನ್ನೂ ಕೊಡುತ್ತಿತ್ತು, ಗರಿಷ್ಠ 600 ವಿಳಾಸಗಳವರೆಗೆ. ಆ ವಿಳಾಸಗಳಿಗೆಲ್ಲ ಮತ್ತೆ ಅದೇ ಪ್ರಶ್ನೆ ಕೇಳುತ್ತ ಹೋದರೆ, ಜೇಡ ಬಲೆಯ ಎಳೆ ಹಿಡಿದು ಸಾಗಿದಂತೆ, ಇಡೀ ಜಾಲದ ನಕ್ಷೆ ಸಿಗುತ್ತದೆ. ಕೊಲರಾಡೋ ವಿಶ್ವವಿದ್ಯಾಲಯದ ಗೈಟನ್ ಮತ್ತು ಶ್ವಾರ್ಟ್ಸ್ ಇಂಥ ಸಮೀಕ್ಷೆಯೊಂದನ್ನು 1994ರಲ್ಲಿ ಪ್ರಕಟಿಸಿದರು.

1999ರಲ್ಲಿ ಎಂಐಟಿಯ ನೆಲ್ಸನ್ ಮಿನಾರ್ ಮಾಡಿದ ಸಮೀಕ್ಷೆ ಇನ್ನೂ ದೊಡ್ಡದು. ಅದರಲ್ಲಿ ಸುಮಾರು 1,75,000 ಗಣಕಗಳು ಪತ್ತೆಯಾದವು. ಬಹುತೇಕ ಗಣಕಗಳು ತಮ್ಮ ಮೂಲಕ್ಕೆ ಕೆಲವು ಹತ್ತು ಮಿಲಿಸೆಕೆಂಡುಗಳೊಳಗೆ ಹೊಂದಿಕೊಂಡಿದ್ದವು. ಆದರೆ ಮೇಲ್ತುದಿಯ ಸ್ಥಿತಿ ಬೇರೆಯಾಗಿತ್ತು. "ನಾನು 1ನೆಯ ಸ್ತರ" ಎಂದು ಹೇಳಿಕೊಂಡ ಸರ್ವರ್‌ಗಳಲ್ಲಿ ನಿಜಕ್ಕೂ ಉಪಯುಕ್ತವಾಗಿದ್ದವು ಕೇವಲ ಶೇಕಡಾ 28. ಉಳಿದವುಗಳಲ್ಲಿ ಅನೇಕವಕ್ಕೆ ಯಾವ ಮೂಲ ಗಡಿಯಾರವೂ ಇರಲಿಲ್ಲ, ತಮ್ಮದೇ ಸ್ಫಟಿಕವನ್ನು ಪ್ರಮಾಣವೆಂದು ಸಾರುತ್ತಿದ್ದವು. ಮೋಸದ ಉದ್ದೇಶ ಬೇಕಿಲ್ಲ, ತಂತ್ರಾಂಶವನ್ನು ಸರಿಯಾಗಿ ಹೊಂದಿಸದಿದ್ದರೂ ಸಾಕು ಇಂಥ ಸರ್ವರ್ ಹುಟ್ಟಿಕೊಳ್ಳುತ್ತದೆ. ಸರ್ವರ್ ತನ್ನ ಬಗ್ಗೆ ಹೇಳಿಕೊಳ್ಳುವ ಮಾತನ್ನು ಹೊರಗಿನಿಂದ ಅಳೆದು ಪರೀಕ್ಷಿಸಬೇಕು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಅಂಕಿಅಂಶ ಬೇರೆ ಬೇಕಿರಲಿಲ್ಲ.

ಪ್ರಶ್ನೆಗಳ ಪ್ರವಾಹ

2003ರ ಮೇ ತಿಂಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಸಮಯ ಸರ್ವರ್‌ಗೆ ಎಲ್ಲಿಂದಲೋ ಪ್ರಶ್ನೆಗಳ ಪ್ರವಾಹ ಹರಿಯತೊಡಗಿತು. ಜೂನ್ ಹೊತ್ತಿಗೆ ಸೆಕೆಂಡಿಗೆ 2,50,000 ಪ್ಯಾಕೆಟ್‌ಗಳು! ಮೊದಲಿಗೆ ಇದು ದಾಳಿಯೆಂದೇ ಭಾವಿಸಲಾಯಿತು. ಡೇವ್ ಪ್ಲೊಂಕಾ ಮತ್ತು ಸಂಗಡಿಗರು ಬೆನ್ನುಹತ್ತಿದಾಗ ಕಾರಣ ತಿಳಿಯಿತು. ನೆಟ್‌ಗಿಯರ್ ಕಂಪನಿಯ ಮನೆಬಳಕೆಯ ಕೆಲವು ರೂಟರ್‌ಗಳೊಳಗೆ ಆ ಸರ್ವರ್‌ನ ವಿಳಾಸವನ್ನು ಬದಲಾಯಿಸಲಾಗದಂತೆ ಬರೆದುಬಿಟ್ಟಿದ್ದರು. ಉತ್ತರ ಬರುವವರೆಗೂ ಸೆಕೆಂಡಿಗೊಮ್ಮೆ ಕೇಳುತ್ತಲೇ ಇರುವಂತೆ ತಂತ್ರಾಂಶ ರಚನೆಯಾಗಿತ್ತು. ವಿಶ್ವವಿದ್ಯಾಲಯ ಪ್ರಶ್ನೆಗಳನ್ನು ತಡೆದಷ್ಟೂ ರೂಟರ್‌ಗಳ ಹಟ ಹೆಚ್ಚಿತು. ಇಂಥ ರೂಟರ್‌ಗಳು 7 ಲಕ್ಷಕ್ಕೂ ಹೆಚ್ಚಿದ್ದವು. ಕಂಪನಿ ತಂತ್ರಾಂಶವನ್ನು ತಿದ್ದಿ, ವಿಶ್ವವಿದ್ಯಾಲಯಕ್ಕೆ 3,75,000 ಡಾಲರ್ ನೀಡಿತು.

ಸಾರ್ವಜನಿಕ ಸರ್ವರ್‌ಗಳ ಮೇಲೆ ಬೀಳುತ್ತಿದ್ದ ಇಂಥ ಹೊರೆಯನ್ನು ಹಂಚಿಕೊಳ್ಳಲು ಅದೇ 2003ರ ಜನವರಿಯಲ್ಲಿ ಏಡ್ರಿಯನ್ ಫಾನ್ ಬಿಡರ್ 'ಎನ್‌ಟಿಪಿ ಪೂಲ್' ಎಂಬ ಸಹಕಾರಿ ಯೋಜನೆ ಆರಂಭಿಸಿದ್ದರು. 2005ರಿಂದ ಅದನ್ನು ಆಸ್ಕ್ ಬ್ಯೋರ್ನ್ ಹಾನ್ಸನ್ ಮುನ್ನಡೆಸಿದರು. ಸ್ವಯಂಸೇವಕರು ತಮ್ಮ ಸರ್ವರ್‌ಗಳನ್ನು ಒಂದೇ ಹೆಸರಿನಡಿ ಒಟ್ಟುಗೂಡಿಸುತ್ತಾರೆ, ಪ್ರಶ್ನೆಗಳು ಸರದಿಯಂತೆ ಹಂಚಿಹೋಗುತ್ತವೆ. ಅಪರಿಚಿತರು ಕೊಟ್ಟ ಗಡಿಯಾರಗಳನ್ನು ನಂಬುವುದು ಹೇಗೆ? ಸರ್ವರ್ ತನ್ನ ಬಗ್ಗೆ ಹೇಳಿಕೊಳ್ಳುವುದಕ್ಕೆ ಕಿವಿಗೊಡದೆ, ಹೊರಗಿನಿಂದ ಸಾಮಾನ್ಯ ಗ್ರಾಹಕನಂತೆ ಸಮಯ ಕೇಳಿ ಅಳೆಯುವ ಕ್ರಮವನ್ನು ಪೂಲ್ ಅನುಸರಿಸಿತು. ಪ್ರತಿ ಪರೀಕ್ಷೆಯಲ್ಲೂ ಹಳೆಯ ಅಂಕವನ್ನು 0.95ರಿಂದ ಗುಣಿಸಿ, ಉತ್ತರ ಸರಿಯಿದ್ದರೆ 1 ಕೂಡಿಸುತ್ತಾರೆ. ಉತ್ತರ ಬಾರದಿದ್ದರೆ ಅಥವಾ ತೀರ ತಪ್ಪಿದ್ದರೆ ಅಂಕ ಕಳೆಯುತ್ತಾರೆ. ಗುಣೋತ್ತರ ಶ್ರೇಢಿಯ ಮೊತ್ತ 1 ÷ (1 − 0.95) ಆದ್ದರಿಂದ ಗರಿಷ್ಠ ಅಂಕ 20. ಅದು 10ಕ್ಕಿಂತ ಕೆಳಗಿಳಿದರೆ ಸರ್ವರ್ ಹಂಚಿಕೆಯಿಂದ ಹೊರಗೆ.

ಈ ಕ್ರಮಕ್ಕೂ ಮಿತಿಯಿತ್ತು. ಬಹುಕಾಲ ಅಮೆರಿಕದಲ್ಲಿದ್ದ ಒಂದೇ ನಿಲ್ದಾಣದಿಂದ ಪರೀಕ್ಷೆ ನಡೆಯುತ್ತಿತ್ತು. ನಡುದಾರಿಯಲ್ಲಿ ಪ್ಯಾಕೆಟ್ ಕಳೆದುಹೋದರೆ ದೂರದ ದೇಶದ ಒಳ್ಳೆಯ ಸರ್ವರ್‌ಗೂ ಅಂಕ ಕಡಿಮೆಯಾಗುತ್ತಿತ್ತು. 2023ರ ಹೊತ್ತಿಗೆ ಪರೀಕ್ಷಾ ನಿಲ್ದಾಣಗಳನ್ನು ಹಲವು ದೇಶಗಳಿಗೆ ಹರಡಲಾಯಿತು. ಅಳೆಯುವವನನ್ನೂ ಅಳೆಯಬೇಕಾಯಿತು!

ಎರಡು ಆಘಾತಗಳು

2012ರ ನವೆಂಬರ್ 19ರಂದು ಅಮೆರಿಕದ ನೌಕಾ ವೀಕ್ಷಣಾಲಯದ 'ಟಿಕ್' ಮತ್ತು 'ಟಾಕ್' ಎಂಬ ಪ್ರಸಿದ್ಧ ಸಮಯ ಸರ್ವರ್‌ಗಳು ಇದ್ದಕ್ಕಿದ್ದಂತೆ 2000ನೆಯ ಇಸವಿಯನ್ನು ಸಾರತೊಡಗಿದವು. ಅವು 1ನೆಯ ಸ್ತರದ, ಬಹು ಗೌರವಾನ್ವಿತ ಸರ್ವರ್‌ಗಳು. ಹಲವು ಬೇರೆ ಬೇರೆ ಮೂಲಗಳನ್ನು ನೋಡುತ್ತಿದ್ದ ಗಣಕಗಳು ಈ ಎರಡಕ್ಕೂ 'ಎಕ್ಸ್' ಗುರುತು ಹಾಕಿ ಪಾರಾದವು. ಈ ಎರಡನ್ನೇ ನೆಚ್ಚಿದ್ದ ಜಾಲಗಳಲ್ಲಿ ಕೆಲವು ಹನ್ನೆರಡು ವರ್ಷ ಹಿಂದಕ್ಕೆ ಹೋಗಿ ಪರದಾಡಿದವು. ಒಂದೇ ವಿದ್ಯುತ್ ಜಾಲದ ಗಣಕಗಳ ಬಗ್ಗೆ 1985ರಲ್ಲಿ ಮಿಲ್ಸ್ ಬರೆದದ್ದು ಇಲ್ಲಿ ಇನ್ನೊಂದು ರೂಪದಲ್ಲಿ ನಿಜವಾಯಿತು. ಒಂದೇ ಮನೆಯ ಇಬ್ಬರು ಸಾಕ್ಷಿಗಳು ಸೇರಿದರೂ ಒಂದೇ ಸಾಕ್ಷಿ.

ಎರಡನೆಯ ಆಘಾತ ಬಂದದ್ದು ವಿಚಾರಣೆಯ ಸಾಧನದಿಂದಲೇ. 'ಮಾನ್‌ಲಿಸ್ಟ್' ಆಜ್ಞೆಯ ಪ್ರಶ್ನೆ ಚಿಕ್ಕದು, 234 ಬೈಟ್‌ಗಳಷ್ಟು. 600 ವಿಳಾಸಗಳ ಪೂರ್ಣ ಉತ್ತರ ನೂರು ಪ್ಯಾಕೆಟ್‌ಗಳದ್ದು, 48,000 ಬೈಟ್‌ಗೂ ಹೆಚ್ಚು. ಅಂದರೆ ಇನ್ನೂರು ಪಟ್ಟು! ಎನ್‌ಟಿಪಿ ಬಳಸುವ ಸಾಗಣೆ ವಿಧಾನದಲ್ಲಿ ಪ್ರಶ್ನೆ ಕಳಿಸಿದವರು ಯಾರು ಎಂಬುದರ ಪರಿಶೀಲನೆ ಇಲ್ಲ. ದುಷ್ಕರ್ಮಿಯೊಬ್ಬ ತನ್ನ ವಿಳಾಸದ ಬದಲು ಬೇರೊಬ್ಬರ ವಿಳಾಸ ಬರೆದು ಪ್ರಶ್ನೆ ಕಳಿಸಿದರೆ, ಉತ್ತರದ ರಾಶಿಯೆಲ್ಲ ಆ ಅಮಾಯಕರ ಬಾಗಿಲಿಗೆ ಬೀಳುತ್ತದೆ.

2013ರ ಕೊನೆಗೆ ಇಂಥ ದಾಳಿಗಳು ಹೆಚ್ಚಿದವು. 2014ರ ಫೆಬ್ರವರಿಯಲ್ಲಿ ಕ್ಲೌಡ್‌ಫ್ಲೇರ್ ಸಂಸ್ಥೆಯ ಗ್ರಾಹಕರೊಬ್ಬರ ಮೇಲೆ ನಡೆದ ದಾಳಿ ಸೆಕೆಂಡಿಗೆ 400 ಗಿಗಾಬಿಟ್‌ಗಳ ಸಮೀಪಕ್ಕೆ ಮುಟ್ಟಿತು. ಅದಕ್ಕೆ ದುರ್ಬಳಕೆಯಾದವು ಕೇವಲ 4,529 ಎನ್‌ಟಿಪಿ ಸರ್ವರ್‌ಗಳು. ಜನಗಣತಿಗೆ ನೆರವಾದ ಆಜ್ಞೆಯೇ ಆಯುಧವಾಗಿತ್ತು. 'ಮಾನ್‌ಲಿಸ್ಟ್'ಅನ್ನು 2010ರಲ್ಲೇ ತಂತ್ರಾಂಶದ ಅಭಿವೃದ್ಧಿ ಆವೃತ್ತಿಯಿಂದ ತೆಗೆಯಲಾಗಿತ್ತು. ಆದರೆ ಹಳೆಯ ಆವೃತ್ತಿಗಳು ಲೋಕದ ತುಂಬ ಓಡುತ್ತಿದ್ದವು.

ಅಲ್ಲಿಂದ ಮುಂದೆ ಕಿಟಕಿ ಕಿರಿದಾಯಿತು. ಹೊರಗಿನವರಿಗೆ ಸಮಯ ಹೇಳಬಹುದು, ಒಳಗಿನ ವಿವರ ಹೇಳಕೂಡದು ಎಂಬ ನಿರ್ಬಂಧ ಸಾಮಾನ್ಯವಾಯಿತು. ಲಿನಕ್ಸ್‌ನಲ್ಲಿ ಇಂದು ಹೆಚ್ಚಾಗಿ ಬಳಕೆಯಲ್ಲಿರುವ 'ಕ್ರೋನಿ' ಎಂಬ ತಂತ್ರಾಂಶಕ್ಕೆ 'ಕ್ರೋನಿಸಿ' ಎಂಬ ತನ್ನದೇ ವಿಚಾರಣಾ ಸಾಧನವಿದೆ. ವಿಶೇಷವಾಗಿ ಅನುಮತಿ ಕೊಡದ ಹೊರತು ಅದು ಅದೇ ಗಣಕದಲ್ಲಿ ಕುಳಿತು ಕೇಳಿದವರಿಗೆ ಮಾತ್ರ ಉತ್ತರಿಸುತ್ತದೆ. ಮಿನಾರ್ ಮಾಡಿದಂಥ ಜನಗಣತಿ ಈಗ ಸಾಧ್ಯವಿಲ್ಲ. ಭದ್ರತೆ ಹೆಚ್ಚಿತು, ಸಂಶೋಧಕರಿಗೆ ಕಾಣುವುದು ಕಡಿಮೆಯಾಯಿತು.

2020ರಲ್ಲಿ ಎನ್‌ಟಿಎಸ್ ಎಂಬ ಗೂಢಲಿಪಿ ಆಧಾರಿತ ರಕ್ಷಣೆ ಬಂತು. ಉತ್ತರ ನಿಜವಾಗಿಯೂ ಆ ಸರ್ವರ್‌ನಿಂದಲೇ ಬಂದಿದೆ, ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂಬುದಕ್ಕೆ ಅದು ಖಾತರಿ ಕೊಡುತ್ತದೆ. ಆ ಸರ್ವರ್‌ನ ಗಡಿಯಾರ ಸರಿಯಿದೆ ಎಂಬುದಕ್ಕೆ ಕೊಡುವುದಿಲ್ಲ. ಅದಕ್ಕಾಗಿ ಮತ್ತೆ ಅಳೆಯಲೇಬೇಕು.

ನಮ್ಮ ದೇಶದಲ್ಲಿ

ಭಾರತೀಯ ಪ್ರಮಾಣಿತ ಸಮಯವನ್ನು ಕಾಯುವುದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಲ್ಲಿನ ಪರಮಾಣು ಗಡಿಯಾರಗಳಿಗೂ ಮೇಲ್ವಿಚಾರಣೆ ತಪ್ಪಿದ್ದಲ್ಲ. ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿರುವ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆ ಎಲ್ಲ ದೇಶಗಳ ಪ್ರಮಾಣಿತ ಗಡಿಯಾರಗಳನ್ನು ಹೋಲಿಸಿ, ಯಾವುದು ಎಷ್ಟು ನ್ಯಾನೋಸೆಕೆಂಡು ಅತ್ತಿತ್ತ ಸರಿದಿದೆ ಎಂಬ ಪಟ್ಟಿಯನ್ನು ಪ್ರತಿ ತಿಂಗಳೂ ಪ್ರಕಟಿಸುತ್ತದೆ.

2022ರ ಏಪ್ರಿಲ್ 28ರಂದು ಭಾರತದ ಗಣಕ ತುರ್ತು ಸ್ಪಂದನ ತಂಡವಾದ 'ಸರ್ಟ್-ಇನ್' ನಿರ್ದೇಶನವೊಂದನ್ನು ಹೊರಡಿಸಿತು. ಸಂಸ್ಥೆಗಳು ತಮ್ಮ ಗಣಕಗಳ ಗಡಿಯಾರವನ್ನು ರಾಷ್ಟ್ರೀಯ ಭೌತ ಪ್ರಯೋಗಾಲಯ ಅಥವಾ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಎನ್‌ಟಿಪಿ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಸರ್ವರ್‌ಗಳಿಗೆ ಹೊಂದಿಸಬೇಕು ಎಂದು ಅದು ಹೇಳಿತು. ಬೇರೆ ಬೇರೆ ದೇಶಗಳಲ್ಲಿ ಗಣಕಗಳನ್ನು ಹೊಂದಿರುವ ಸಂಸ್ಥೆಗಳು ಇತರ ಮೂಲಗಳನ್ನೂ ಬಳಸಬಹುದು, ಆದರೆ ಆ ಸಮಯ ಇಲ್ಲಿನದಕ್ಕಿಂತ ಬೇರೆಯಾಗಬಾರದು. ಬೇರೆಯಾಗಿಲ್ಲ ಎಂದು ತೋರಿಸಬೇಕಾದರೆ ವಿಚಾರಣೆಯ ಸಾಧನಗಳೇ ಗತಿ.

ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ 2013ರಲ್ಲಿ ಆರಂಭವಾದ ಇಸ್ರೋ ಸಂಚರಣ ಕೇಂದ್ರದಲ್ಲಿ ನಮ್ಮ 'ನಾವಿಕ್' ಉಪಗ್ರಹ ವ್ಯವಸ್ಥೆಯ ಸಮಯವನ್ನು ಕಾಯುವ ಪರಮಾಣು ಗಡಿಯಾರಗಳಿವೆ. ಕಾನೂನುಬದ್ಧ ಮಾಪನ ವಿಭಾಗದ ಐದು ಪ್ರಾದೇಶಿಕ ಪ್ರಯೋಗಾಲಯಗಳಿಂದ ಭಾರತೀಯ ಪ್ರಮಾಣಿತ ಸಮಯವನ್ನು ಹರಡುವ ಯೋಜನೆಯಲ್ಲಿ ಬೆಂಗಳೂರಿನದೂ ಒಂದು. ಮೂಲಗಳು ಹೆಚ್ಚಿದಂತೆ, ಒಂದನ್ನೊಂದು ಅವಲಂಬಿಸದ ಸಾಕ್ಷಿಗಳೂ ಹೆಚ್ಚುತ್ತವೆ.

ತರಗತಿಯಲ್ಲಿ ಮಾಡಿ ನೋಡಿ

ಲಿನಕ್ಸ್ ಗಣಕವಿರುವ ಶಾಲಾ ಕಾಲೇಜುಗಳಲ್ಲಿ ಇದನ್ನು ಪ್ರಯೋಗವಾಗಿ ಮಾಡಬಹುದು. ಸಮಯಮೂಲಗಳಾಗಿ ಕನಿಷ್ಠ ನಾಲ್ಕು ಬೇರೆ ಬೇರೆ ಸಂಸ್ಥೆಗಳ ಸಾರ್ವಜನಿಕ ಸರ್ವರ್‌ಗಳನ್ನು ಹೊಂದಿಸಿ. ಎನ್‌ಟಿಪಿಕ್ಯೂ ಅಥವಾ ಕ್ರೋನಿಸಿ ಬಳಸಿ ನಿಮ್ಮದೇ ಗಣಕವನ್ನು ಪ್ರಶ್ನಿಸಿ. ಗಂಟೆಗೊಮ್ಮೆ ವಿಳಂಬ ಮತ್ತು ವ್ಯತ್ಯಾಸಗಳನ್ನೂ, ತನ್ನ ಸ್ಫಟಿಕ ಎಷ್ಟು ವೇಗ ಅಥವಾ ನಿಧಾನ ಎಂದು ತಂತ್ರಾಂಶ ಅಂದಾಜು ಮಾಡಿದ ಅಂಕಿಯನ್ನೂ ಒಂದು ವಾರ ಬರೆದಿಡಿ. ಪಕ್ಕದಲ್ಲಿ ಕೋಣೆಯ ಉಷ್ಣತೆಯನ್ನೂ ಬರೆಯಿರಿ. ನಕ್ಷೆ ಬಿಡಿಸಿದಾಗ ಮಧ್ಯಾಹ್ನದ ಕಾವಿಗೂ ಸ್ಫಟಿಕದ ಗತಿಗೂ ಇರುವ ನಂಟು ಕಾಣಬಹುದು. ಪರರ ಸರ್ವರ್‌ಗಳಿಗೆ ಪದೇ ಪದೇ ಪ್ರಶ್ನೆ ಕಳಿಸಬೇಡಿ. ವಿಸ್ಕಾನ್ಸಿನ್‌ನ ಕಥೆ ನೆನಪಿರಲಿ.

ಮಿಲ್ಸ್ 1986ರಿಂದ 2008ರವರೆಗೆ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಕೊನೆಯ ವರ್ಷಗಳಲ್ಲಿ ಅವರ ದೃಷ್ಟಿ ಪೂರ್ತಿ ಹೋಯಿತು. 2024ರ ಜನವರಿ 17ರಂದು ಅವರು ನಿಧನರಾದಾಗ ಲೋಕದ ಅಸಂಖ್ಯಾತ ಗಣಕಗಳು ಅವರು ರೂಪಿಸಿದ ಲೆಕ್ಕದಿಂದಲೇ ತಮ್ಮ ಗಡಿಯಾರ ತಿದ್ದಿಕೊಳ್ಳುತ್ತಿದ್ದವು. ಯಾವ ಗಡಿಯಾರವನ್ನೂ ಅದರ ಮಾತಿನ ಮೇಲಷ್ಟೇ ನಂಬಬಾರದು, ಕೇಳಬೇಕು, ಅಳೆಯಬೇಕು, ಬೇರೆ ಸಾಕ್ಷಿಯೊಡನೆ ಹೋಲಿಸಬೇಕು ಎಂಬುದು ಆ ಲೆಕ್ಕದ ಹಿಂದಿನ ತತ್ತ್ವ. ವಿಜ್ಞಾನದ ಬೇರಾವ ಅಳತೆಗೂ ಈ ಮಾತು ಸಲ್ಲುತ್ತದೆ.